ಬಂಗುಡೆ ತೊಳೆದ ಕೈಗೆ ಮೊದಲು ಹುಳಿ, ಆಮೇಲೆ ಸೋಪು

ನಮಸ್ಕಾರ. ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಅಡುಗೆಮನೆಯಿಂದ ಮಾತಾಡ್ತಾ ಇದ್ದೇನೆ. ಈಗಷ್ಟೇ ಬಂಗುಡೆ ಪುಳಿಮುಂಚಿ, ಅಂದರೆ ಹುಳಿ-ಖಾರದ ಮೀನು ಸಾರು, ಒಲೆಯಿಂದ ಇಳಿಸಿದೆ. ಕೈ ಮೂಸಿ ನೋಡಿದೆ. ಮೀನಿನ ವಾಸನೆ ಇಲ್ಲ.

ಮೊದಲು ಹೀಗಿರಲಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು, ಡಬ್ಬಿಗೆ ಮೀನು ಮಾಡಿ, ಓಡಿ ಲೋಕಲ್ ಹಿಡಿಯುತ್ತಿದ್ದೆ. ಆ ರಶ್ಶಿನಲ್ಲಿ ಮೇಲಿನ ಹಿಡಿಕೆ ಹಿಡಿದರೆ ನಮ್ಮ ಕೈ ಪಕ್ಕದವರ ಮೂಗಿನ ಹತ್ತಿರವೇ, ಅಲ್ವಾ? ನನಗೆ ಕೈ ಎತ್ತಲು ಸಂಕೋಚ. ಮೂರು ಸಲ ಸೋಪು ಹಾಕಿದ್ದರೂ ಠಾಣೆ ಬರುವಷ್ಟರಲ್ಲಿ ಸೋಪಿನ ಪರಿಮಳ ಹೋಗಿ ಮೀನಿನದು ಉಳಿಯುತ್ತಿತ್ತು.

ವಾಸನೆಯ ಮೇಲೆ ಪರಿಮಳ ಬಳಿಯಬೇಡಿ. ಅದು ಯಾವ ವಾಸನೆ ಅಂತ ತಿಳಿದು ತೆಗೆಯಿರಿ. ಇದಕ್ಕೆ ದುಬಾರಿ ಹ್ಯಾಂಡ್‌ವಾಶ್ ಬೇಡವೇ ಬೇಡ. ಬೇಕಾದ್ದು ಸಾರಿನ ಪಾತ್ರೆಯ ಪಕ್ಕದಲ್ಲೇ ಇದೆ.

ಮೀನು ಸತ್ತ ಮೇಲೆ ಬ್ಯಾಕ್ಟೀರಿಯಾಗಳು ಅದರ ಮೈಯಲ್ಲಿ ಟ್ರೈಮೀಥೈಲ್ ಅಮೀನ್ ಅನ್ನುವ ವಸ್ತುವನ್ನು ಮಾಡುತ್ತವೆ. ಮೂಗಿಗೆ ಬಡಿಯುವುದು ಮುಖ್ಯವಾಗಿ ಅದೇ. ಅದು ಕ್ಷಾರ. ಹುಳಿ ತಾಗಿದರೆ ಉಪ್ಪಾಗಿ ಬದಲಾಗುತ್ತದೆ. ಆ ಉಪ್ಪು ಗಾಳಿಗೆ ಏಳುವುದಿಲ್ಲ, ನೀರಿನಲ್ಲಿ ಕರಗಿ ಹೋಗುತ್ತದೆ. ನಮ್ಮ ಸೋಪಿನ ಬಿಲ್ಲೆಯೂ ಕ್ಷಾರವೇ. ಕ್ಷಾರಕ್ಕೆ ಕ್ಷಾರ ಹಾಕಿದರೆ ಏನು ಬಂತು? ಅದಕ್ಕೇ ಹುಳಿ ಮೊದಲು, ಸೋಪು ಆಮೇಲೆ.

ನಿಂಬೆಹೋಳು, ವಿನೆಗರ್ ಯಾವುದಾದರೂ ಆಗುತ್ತದೆ. ನಾನು ಪುಳಿಮುಂಚಿಗೆ ಹಿಂಡಿದ ಹುಣಸೆಯ ಹಿಪ್ಪೆಯನ್ನು ಎಸೆಯುವುದೇ ಇಲ್ಲ. ಬೆರಳ ಸಂದಿ, ಉಗುರಿನ ಒಳಗೆ ಅದರಲ್ಲೇ ತಿಕ್ಕುತ್ತೇನೆ. ವಾಸನೆ ಅಡಗಿ ಕೂರುವುದು ಉಗುರಿನಲ್ಲೇ. ಕೈಯಲ್ಲಿ ಗಾಯ ಇದ್ದರೆ ಉರಿಯುತ್ತದೆ, ಆಗ ಬೇಡ. ನಿಂಬೆ ಹಚ್ಚಿದ ಕೈಯನ್ನು ಚೆನ್ನಾಗಿ ತೊಳೆಯದೆ ಬಿಸಿಲಿಗೂ ಹೋಗಬೇಡಿ, ಚರ್ಮ ಸುಟ್ಟಂತೆ ಕಪ್ಪಾಗಬಹುದು.

ಇನ್ನೊಂದು ವಿಷಯ. ತಾಜಾ ಮೀನು ಇಷ್ಟು ನಾರುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಇಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ ಎರಡು ತಿಂಗಳು ಮಾರ್ಕೆಟ್‌ನಲ್ಲಿ ಐಸಿನಲ್ಲಿಟ್ಟ ಮೀನೇ ಜಾಸ್ತಿ. ಕಿವಿರು ಎತ್ತಿ ನೋಡಿ. ಕೆಂಪಗಿದ್ದರೆ ತೆಗೆದುಕೊಳ್ಳಿ. ಮಾಸಿದ ಕಂದು ಬಣ್ಣವಿದ್ದರೆ ಬಿಟ್ಟುಬಿಡಿ. ಮಾರುವ ಮಾವಶಿ ಬೇಜಾರು ಮಾಡಿಕೊಂಡರೂ ಸರಿ.

ಬೆಳ್ಳುಳ್ಳಿಯದು ಬೇರೆಯೇ ಕಥೆ. ಇಡೀ ಎಸಳಿಗೆ ಅಷ್ಟು ವಾಸನೆ ಇಲ್ಲ, ಗಮನಿಸಿದ್ದೀರಾ? ಜಜ್ಜಿದಾಗ ಒಳಗೆ ಬೇರೆ ಬೇರೆ ಇದ್ದ ಎರಡು ವಸ್ತುಗಳು ಸೇರಿ ಗಂಧಕದ ಘಾಟು ಹುಟ್ಟುತ್ತದೆ. ಅದು ಎಣ್ಣೆಯಲ್ಲಿ ಸುಲಭವಾಗಿ ಕರಗುತ್ತದೆ. ಅದಕ್ಕೆ ಜಜ್ಜುವ ಮೊದಲೇ ಕೈಗೆ ನಾಲ್ಕು ಹನಿ ತೆಂಗಿನೆಣ್ಣೆ ಹಚ್ಚಿಕೊಳ್ಳಿ, ಆಮೇಲೆ ಕಡಲೆಹಿಟ್ಟು ಹಾಕಿ ತೊಳೆಯಿರಿ. ಸ್ಟೀಲ್ ಚಮಚ ಉಜ್ಜಿದರೆ ಹೋಗುತ್ತದೆ ಅನ್ನುತ್ತಾರೆ. ನಾನು ಉಜ್ಜಿ ನೋಡಿದ್ದೇನೆ, ಸ್ವಲ್ಪ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಅದಕ್ಕೆಂದೇ ಮಾರುವ ಸ್ಟೀಲ್ ಬಿಲ್ಲೆಯನ್ನಂತೂ ಕೊಳ್ಳಬೇಡಿ, ಮನೆಯ ಚಮಚವೂ ಸ್ಟೀಲೇ.

ಮೆಣಸಿನಕಾಯಿಯ ಉರಿಯ ವಿಷಯದಲ್ಲಿ ಮಾತ್ರ ತುಂಬಾ ಹುಷಾರು. ಅದರಲ್ಲಿ ಉರಿ ತರುವ ವಸ್ತು ಕ್ಯಾಪ್ಸೈಸಿನ್, ಅದು ನೀರಿನಲ್ಲಿ ಕರಗುವುದಿಲ್ಲ. ಬರೀ ನೀರು ಹೊಯ್ದರೆ ಸುಮ್ನೆ ಕೈಯೆಲ್ಲ ಹರಡುತ್ತದೆ. ಮೊದಲು ಎಣ್ಣೆ ತಿಕ್ಕಿ, ಮೇಲೆ ಸೋಪು, ಎರಡು ಸಲ. ಚಿಕ್ಕ ಮಗುವನ್ನು ಎತ್ತಿಕೊಳ್ಳುವವರು ಇದನ್ನು ಮರೆಯಲೇಬೇಡಿ. ಕಣ್ಣಿಗೆ ಲೆನ್ಸ್ ಹಾಕುವವರು ಮಸಾಲೆ ಅರೆಯುವ ಮೊದಲೇ ಹಾಕಿಕೊಳ್ಳಿ. ರಾತ್ರಿ ತೆಗೆಯುವ ಮುಂಚೆ ಇನ್ನೊಮ್ಮೆ ಎಣ್ಣೆ ಹಚ್ಚಿ, ಸೋಪು ಹಾಕಿ ಕೈ ತೊಳೆಯಿರಿ.