ಅಧ್ಯಕ್ಷ ಅಭ್ಯರ್ಥಿಯನ್ನು ಆರಿಸುವವರು ಯಾರು?

ಸಭಿಕರೇ,

ಅಮೆರಿಕದ ಅಧ್ಯಕ್ಷೀಯ ಚುನಾವಣೆ ಎಂದೊಡನೆ ನಮಗೆ ನೆನಪಾಗುವುದು ನವೆಂಬರ್ ತಿಂಗಳ ಮತದಾನ. ಆದರೆ ಕೋಟ್ಯಂತರ ಜನರ ನಡುವಿನಿಂದ ಇಬ್ಬರನ್ನು ಎತ್ತಿ ಮುಂದೆ ನಿಲ್ಲಿಸುವ ಕೆಲಸ ಅದಕ್ಕೂ ಮೊದಲೇ ಮುಗಿದಿರುತ್ತದೆ. ಅದರ ಬಗ್ಗೆ ಅಲ್ಲಿನ ಸಂವಿಧಾನದಲ್ಲಿ ಒಂದು ಮಾತೂ ಇಲ್ಲ. ಆಯ್ಕೆಯ ನಿಯಮಗಳನ್ನು ಪಕ್ಷಗಳೇ ಮಾಡಿಕೊಂಡವು, ಪಕ್ಷಗಳೇ ಬದಲಿಸಿದವು. ಯಾರು ಅಭ್ಯರ್ಥಿಯಾಗುತ್ತಾರೆ ಎಂಬುದನ್ನು ಎಷ್ಟೋ ಸಲ ಆ ನಿಯಮಗಳೇ ತೀರ್ಮಾನಿಸಿವೆ ಎಂಬುದು ನನ್ನ ಅಭಿಪ್ರಾಯ.

ಮೊದಮೊದಲು ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಸದಸ್ಯರು ತಮ್ಮ ಪಕ್ಷದವರೊಡನೆ ಸಭೆ ಸೇರಿ ಹೆಸರನ್ನು ನಿರ್ಧರಿಸುತ್ತಿದ್ದರು. 1824ರಲ್ಲಿ ಅಂಥ ಸಭೆ ವಿಲಿಯಂ ಕ್ರಾಫರ್ಡ್ ಅವರನ್ನು ಆರಿಸಿದಾಗ ಬಹುಪಾಲು ಸದಸ್ಯರು ಅತ್ತ ಸುಳಿಯಲೇ ಇಲ್ಲ; ಆ ಪದ್ಧತಿ ಅಲ್ಲಿಗೆ ಮುಗಿಯಿತು. 1830ರ ದಶಕದಿಂದ ರಾಜ್ಯಗಳ ಪ್ರತಿನಿಧಿಗಳು ಸೇರುವ ರಾಷ್ಟ್ರೀಯ ಅಧಿವೇಶನಗಳು ರೂಢಿಗೆ ಬಂದವು. ಡೆಮಾಕ್ರಟಿಕ್ ಪಕ್ಷದಲ್ಲಿ ಗೆಲುವಿಗೆ ಮೂರನೇ ಎರಡರಷ್ಟು ಮತ ಬೇಕೆಂಬ ನಿಯಮವಿದ್ದುದರಿಂದ, 1924ರಲ್ಲಿ ನ್ಯೂಯಾರ್ಕಿನಲ್ಲಿ ಜಾನ್ ಡೇವಿಸ್ ಅವರ ಹೆಸರು ಇತ್ಯರ್ಥವಾಗಲು 103 ಸುತ್ತುಗಳ ಮತದಾನ ನಡೆಯಬೇಕಾಯಿತು.

ರಾಜ್ಯಗಳ ಮತದಾರರೇ ತಮ್ಮ ಒಲವನ್ನು ತಿಳಿಸುವ ಪ್ರೈಮರಿ ಚುನಾವಣೆಗಳು ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಬಂದಿದ್ದವು. ಆದರೆ 1912ರಲ್ಲಿ ಹೆಚ್ಚಿನ ಪ್ರೈಮರಿಗಳನ್ನು ಗೆದ್ದ ಥಿಯೋಡರ್ ರೂಸ್‌ವೆಲ್ಟ್ ಅವರನ್ನು ಬಿಟ್ಟು ರಿಪಬ್ಲಿಕನ್ ಅಧಿವೇಶನ ಆಗ ಅಧ್ಯಕ್ಷರಾಗಿದ್ದ ಟಾಫ್ಟ್ ಅವರನ್ನೇ ಆರಿಸಿತು. ಈ ವಿರೋಧಾಭಾಸ ಸಹಿಸಲಾಗದ ಹಂತ ಮುಟ್ಟಿದ್ದು 1968ರಲ್ಲಿ. ವಿಯೆಟ್ನಾಂ ಯುದ್ಧವನ್ನು ವಿರೋಧಿಸಿದ ಯುಜೀನ್ ಮೆಕಾರ್ಥಿ ಮತ್ತು ರಾಬರ್ಟ್ ಕೆನಡಿ ಪ್ರೈಮರಿಗಳಲ್ಲಿ ಜನರ ಮುಂದೆ ಹೋದರು. ಜೂನ್‌ನಲ್ಲಿ ಕೆನಡಿ ಹತ್ಯೆಯಾಯಿತು. ಆಗಸ್ಟ್‌ನಲ್ಲಿ ಷಿಕಾಗೋದ ಬೀದಿಗಳಲ್ಲಿ ಪೊಲೀಸರು ಪ್ರತಿಭಟನಕಾರರ ಮೇಲೆ ಲಾಠಿ ಬೀಸುತ್ತಿದ್ದಾಗ, ಒಂದೂ ಪ್ರೈಮರಿಯಲ್ಲಿ ಸ್ಪರ್ಧಿಸದಿದ್ದ ಉಪಾಧ್ಯಕ್ಷ ಹ್ಯೂಬರ್ಟ್ ಹಂಫ್ರಿ ಡೆಮಾಕ್ರಟಿಕ್ ಅಧಿವೇಶನದಲ್ಲಿ ಅಭ್ಯರ್ಥಿಯಾದರು. ಹೆಚ್ಚಿನ ಪ್ರತಿನಿಧಿಗಳನ್ನು ಆಗ ಪಕ್ಷದ ಮುಖಂಡರೇ ಆರಿಸುತ್ತಿದ್ದುದರಿಂದ, ನಿಯಮದ ಪ್ರಕಾರ ಅದರಲ್ಲಿ ತಪ್ಪಿರಲಿಲ್ಲ. ಜನರಿಗೆ ಮಾತ್ರ ಅದು ಮೋಸವೆನಿಸಿತು, ಹಾಗೆನಿಸಿದ್ದು ನ್ಯಾಯವೇ ಆಗಿತ್ತು.

ಆ ಕೋಪದಿಂದ ಹುಟ್ಟಿದ, ಡೆಮಾಕ್ರಟಿಕ್ ಪಕ್ಷದ ಮೆಕ್‌ಗವರ್ನ್–ಫ್ರೇಸರ್ ಆಯೋಗ, ಪ್ರತಿನಿಧಿಗಳ ಆಯ್ಕೆ ಚುನಾವಣೆಯ ವರ್ಷದಲ್ಲೇ, ಬಹಿರಂಗವಾಗಿ ನಡೆಯಬೇಕೆಂದಿತು. ಇದಕ್ಕೆ ಸುಲಭದ ದಾರಿಯೆಂದರೆ ಪ್ರೈಮರಿ ಎಂದು ಬಹಳ ರಾಜ್ಯಗಳು ಕಂಡುಕೊಂಡವು. ಕೆಲವು ಕಾಕಸ್ ಎಂಬ ಸ್ಥಳೀಯ ಸಭೆಗಳನ್ನು ಉಳಿಸಿಕೊಂಡವು. 1972ರಲ್ಲಿ ಮೆಕ್‌ಗವರ್ನ್ ಅವರೇ ಹೊಸ ನಿಯಮಗಳಡಿ ಅಭ್ಯರ್ಥಿಯಾಗಿ, ನವೆಂಬರ್‌ನಲ್ಲಿ ಮ್ಯಾಸಚೂಸೆಟ್ಸ್ ಮತ್ತು ರಾಜಧಾನಿ ವಾಷಿಂಗ್ಟನ್ ಬಿಟ್ಟು ಎಲ್ಲೆಡೆ ಸೋತರು. ಪಕ್ಷದ ಹಿರಿಯರಿಗೆ ಸ್ವತಂತ್ರ ಮತ ನೀಡುವ ಸೂಪರ್ ಡೆಲಿಗೇಟ್ ವ್ಯವಸ್ಥೆ 1980ರ ದಶಕದಲ್ಲಿ ಬಂದುದಕ್ಕೆ ಇಂಥ ಸೋಲುಗಳೂ ಕಾರಣ. 2018ರಲ್ಲಿ, ಫಲಿತಾಂಶ ಮೊದಲೇ ಖಚಿತವಾಗದ ಹೊರತು ಮೊದಲ ಸುತ್ತಿನಲ್ಲಿ ಅವರು ಮತ ಹಾಕುವಂತಿಲ್ಲವೆಂದು ಪಕ್ಷ ಅದನ್ನು ಮೊಟಕುಗೊಳಿಸಿತು.

ಬಾಗಿಲು ತೆರೆದದ್ದು ಸರಿ ಎಂದೇ ನಾನು ನಂಬಿದ್ದೇನೆ. ಆದರೆ ಮತ ಎಣಿಸುವ ರೀತಿ ಮತ್ತು ಮತ ಹಾಕುವ ಸರದಿ, ಈ ಎರಡೂ ನನ್ನನ್ನು ಕಾಡುತ್ತವೆ. ಡೆಮಾಕ್ರಟಿಕ್ ಪಕ್ಷದಲ್ಲಿ ಶೇ 15ರಷ್ಟು ಮತ ಪಡೆದವರಿಗೆಲ್ಲ ಪ್ರತಿನಿಧಿಗಳಲ್ಲಿ ಪಾಲುಂಟು. ರಿಪಬ್ಲಿಕನ್ ಪಕ್ಷ ಹಲವೆಡೆ ಮೊದಲು ಬಂದವರಿಗೆ ಹೆಚ್ಚಿನದನ್ನು ಅಥವಾ ಎಲ್ಲವನ್ನೂ ಕೊಡುತ್ತದೆ; ಹಾಗಾಗಿ 2016ರಲ್ಲಿ ಸೌತ್ ಕ್ಯಾರೊಲಿನಾದಲ್ಲಿ ಮೂರನೇ ಒಂದರಷ್ಟೂ ಮತ ಸಿಗದಿದ್ದರೂ ಡೊನಾಲ್ಡ್ ಟ್ರಂಪ್ ಅಲ್ಲಿನ 50 ಪ್ರತಿನಿಧಿಗಳನ್ನೂ ಪಡೆದರು. ಇನ್ನು ಸರದಿಯ ಮಾತು. ಎಲ್ಲಕ್ಕಿಂತ ಮೊದಲು ನಡೆದ 1976ರ ಅಯೋವಾ ಕಾಕಸ್‌ಗಳಲ್ಲಿ ಜಿಮ್ಮಿ ಕಾರ್ಟರ್ ಅವರಿಗಿಂತ 'ಇನ್ನೂ ತೀರ್ಮಾನಿಸಿಲ್ಲ' ಎಂದವರೇ ಹೆಚ್ಚಿದ್ದರು. ಆದರೂ ಪತ್ರಿಕೆಗಳು ಕಾರ್ಟರ್ ಅವರನ್ನು ವಿಜೇತರೆಂದು ಬಿಂಬಿಸಿದವು, ಅಲ್ಲಿಂದ ಅವರ ಹಾದಿ ತೆರೆಯಿತು. ಕೊನೆಯಲ್ಲಿ ಮತ ಹಾಕುವ ರಾಜ್ಯಗಳವರ ಪಾಲಿಗೆ ಸ್ಪರ್ಧೆ ಎಷ್ಟೋ ಸಲ ಆಗಲೇ ಮುಗಿದಿರುತ್ತದೆ.

2024ರ ಜುಲೈ 21ರಂದು, ಪ್ರೈಮರಿಗಳನ್ನು ಗೆದ್ದಿದ್ದ ಜೋ ಬೈಡನ್ ಕಣದಿಂದ ಹಿಂದೆ ಸರಿದರು. ನಿರ್ಧಾರ ಮತ್ತೆ ಪ್ರತಿನಿಧಿಗಳ ಕೈಗೆ ಬಂತು. ಷಿಕಾಗೋ ಅಧಿವೇಶನಕ್ಕೆ ಮುನ್ನವೇ ಅವರು ಆನ್‌ಲೈನ್ ಮತದಾನದಲ್ಲಿ ಕಮಲಾ ಹ್ಯಾರಿಸ್ ಅವರನ್ನು ಆರಿಸಿದರು. ಹಂಫ್ರಿ ಅವರ ಹಾಗೆ ಹ್ಯಾರಿಸ್ ಅವರೂ ಆ ವರ್ಷ ಒಂದೂ ಪ್ರೈಮರಿಯಲ್ಲಿ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿರಲಿಲ್ಲ. ಆದರೆ ಈ ಸಲ ಅವರನ್ನು ಆರಿಸಿದ ಪ್ರತಿನಿಧಿಗಳು, 1968ರ ಕೋಪ ಬರೆಸಿದ ನಿಯಮಗಳ ಮೂಲಕವೇ ಅಲ್ಲಿಗೆ ಬಂದವರಾಗಿದ್ದರು.