ನಾಲ್ಕನೇ ಮನೆ, ಗುಂಡ ಮತ್ತು ಆ ಮೂಲೆ

ಹಾಂ, ಕ್ಯಾಮೆರಾ ಓಡ್ತಿದೆ. ನಮ್ಮ ನಾಯಿ ಗುಂಡನ ಜೊತೆ ಇರೋಕೆ ಬಾಡಿಗೆ ಮನೆ ಹುಡುಕ್ತಿದೀನಿ, ಇದು ಇವತ್ತಿನ ನಾಲ್ಕನೇ ಮನೆ. ಮೊದಲ ಮೂರು ತೋರಿಸಲ್ಲ, ಬಾಗಿಲಲ್ಲೇ ಮಾತು ಮುಗೀತು. ಒಂದರಲ್ಲಿ ‘ಪೆಟ್ಸ್ ಓಕೆ’ ಅಂದ್ರೆ ತೊಟ್ಟಿಯೊಳಗಿನ ಮೀನಂತೆ. ಇನ್ನೊಂದರಲ್ಲಿ ನಾಯಿ 10 ಕೆಜಿ ಒಳಗಿರಬೇಕಂತೆ. ನಮ್ಮ ಗುಂಡ 18. ಅವನನ್ನ ಎತ್ಕೊಂಡು ತೂಕದ ಮಿಷನ್ ಮೇಲೆ ನಿಂತು, ಅದರಲ್ಲಿ ನನ್ನ ತೂಕ ಕಳೆದು ಬಂದ ಲೆಕ್ಕ ಅದು. ನನ್ನದೆಷ್ಟು ಅಂತ ಕೇಳ್ಬೇಡಿ. ತೂಕಕ್ಕೂ ಗಲಾಟೆಗೂ ಏನ್ ಸಂಬಂಧಾನೋ! ಕರುವಿನಷ್ಟು ದೊಡ್ಡ ಗ್ರೇಟ್ ಡೇನ್ ಇಡೀ ದಿನ ಬಿದ್ಕೊಂಡಿರುತ್ತೆ, ಅಂಗೈಯಗಲದ್ದು ಬೀದಿಗೆಲ್ಲ ಕೇಳೋ ಹಾಗೆ ಬೊಗಳುತ್ತೆ.

ಸರಿ, ಇದು ಹಾಲ್. ಗಾಳಿ ಬೆಳಕು ಚೆನ್ನಾಗಿದೆ. ಬಾಡಿಗೆ ಅಕ್ಕಪಕ್ಕದ ಮನೆಗಳಿಗಿಂತ ಕಡಿಮೆ. ಕಡಿಮೆ ಅಂದ ತಕ್ಷಣ ನನಗೆ ಖುಷಿಗಿಂತ ಅನುಮಾನಾನೇ ಜಾಸ್ತಿ. ನಾಯಿಗೆ ಬೇರೆ ದುಡ್ಡಿದೆಯಾ ಅಂತ ಮೊದಲೇ ಕೇಳಿದೆ. ವಾಪಸ್ ಬರೋ ಡಿಪಾಸಿಟ್ ಆದ್ರೆ ಪರವಾಗಿಲ್ಲ. ತಿಂಗಳು ತಿಂಗಳು ಬಾಡಿಗೆ ಜೊತೆ ಕೇಳಿದ್ರೆ ಹುಷಾರು. ನೂರಕ್ಕೆ ಐದು ಅಂದ್ರೂ ವರ್ಷಕ್ಕೆ ತಿಂಗಳ ಬಾಡಿಗೆಯ ಅರ್ಧಕ್ಕಿಂತ ಜಾಸ್ತಿ ಹೋಯ್ತು, ಅದು ತಿರುಗಿ ಬರಲ್ಲ.

ಬಾಲ್ಕನಿ. ಸರಳುಗಳ ಸಂದಿ ನೋಡಿ, ನನ್ನ ಮುಷ್ಟಿ ಆರಾಮಾಗಿ ಹೋಗುತ್ತೆ. ಗುಂಡನಿಗೆ ಚಿಂತೆಯಿಲ್ಲ. ಬೆಕ್ಕು ಸಾಕಿರೋರು ಬಲೆ ಹಾಕ್ಸಿ. ಎತ್ತರದಿಂದ ಬಿದ್ರೂ ಬೆಕ್ಕಿಗೆ ಏನೂ ಆಗಲ್ಲ ಅಂತ ಹೇಳ್ತಾರಲ್ಲ, 1987ರಲ್ಲಿ ನ್ಯೂಯಾರ್ಕಿನ ಪಶುವೈದ್ಯರು ಹಾಗೆ ಬಿದ್ದ 132 ಬೆಕ್ಕುಗಳ ವರದಿ ಪ್ರಕಟಿಸಿದ್ರು, ನೂರಕ್ಕೆ ತೊಂಬತ್ತು ಬದುಕಿದ್ವು. ಆದ್ರೆ ಅವು ಆಸ್ಪತ್ರೆ ತನಕ ಬಂದ ಬೆಕ್ಕುಗಳು! ಬಿದ್ದಲ್ಲೇ ಸತ್ತದ್ದನ್ನ ಯಾರು ಹೊತ್ಕೊಂಡು ಬರ್ತಾರೆ? ಅಯ್ಯೋ, ಬೆಡ್‌ರೂಮ್ ಬಿಟ್ಟೇ ಬಿಟ್ಟೆ.

ಬೆಡ್‌ರೂಮ್. ಪರದೆ ಎಳೆದಿದೀನಿ, ಈಗ ಯುವಿ ಟಾರ್ಚ್, ಅಂದ್ರೆ ನೇರಳಾತೀತ ಬೆಳಕಿಂದು. ನಗಬೇಡಿ, ಮನೆ ನೋಡೋಕೆ ಇದಿಲ್ಲದೆ ನಾನು ಹೋಗಲ್ಲ. ಒಣಗಿದ ಮೂತ್ರ ಈ ಬೆಳಕಲ್ಲಿ ಹೊಳೆಯುತ್ತೆ. ಸೋಪಿನ ಪುಡಿನೂ ಹೊಳೆಯುತ್ತೆ, ಅದಕ್ಕೇ ಬಗ್ಗಿ ಮೂಸೂ ನೋಡ್ಬೇಕು. ಅಲ್ಲಿ, ಕಪಾಟಿನ ಪಕ್ಕ. ಕಾಣ್ತಿದೆಯಾ? ಗೋಡೆ ಬುಡದಿಂದ ಮೊಣಕಾಲೆತ್ತರಕ್ಕೆ ಹಳದಿ ಹಳದಿ. ಮೂಸಿದೆ. ಬೆಕ್ಕು, ಅನುಮಾನಾನೇ ಇಲ್ಲ. ನೀರಲ್ಲಿ ಒರೆಸಿ ಸುಣ್ಣ ಬಳಿದಿದಾರೆ. ಒಣಗಿದ ಬೆಕ್ಕಿನ ಮೂತ್ರ ಬರೀ ನೀರಿಗೆ ಜಗ್ಗಲ್ಲ, ಹವೆ ತೇವ ಆದಾಗೆಲ್ಲ ವಾಸನೆ ಎದ್ದು ಕೂರುತ್ತೆ. ಮೂತ್ರದ ಅಂಶಗಳನ್ನ ಒಡೆದುಹಾಕೋ ಎಂಜೈಮ್ ಇರೋ ಕ್ಲೀನರ್ ಬೇಕು. ಅಮೋನಿಯಾ ಇರೋದನ್ನಂತೂ ಮುಟ್ಟಲೇಬೇಡಿ, ಪ್ರಾಣಿಗಳಿಗೆ ಅದೂ ಮೂತ್ರದ ಥರಾನೇ ನಾರುತ್ತೆ.

ಇದನ್ನ ಈಗ್ಲೇ ರೆಕಾರ್ಡ್ ಮಾಡ್ಕೊಂಡಿರಬೇಕು. ಇಲ್ಲಾಂದ್ರೆ ಮನೆ ಬಿಡೋವಾಗ ಈ ಗೋಡೆ ಗುಂಡನ ಲೆಕ್ಕಕ್ಕೆ, ಡಿಪಾಸಿಟ್‌ಗೆ ಕತ್ತರಿ.

ಇಷ್ಟು ಬುದ್ಧಿ ಹೇಳ್ತಾ ಇದ್ದೆ, ಕೈಯಲ್ಲಿದ್ದ ಗುಂಡನ ಪಟ್ಟಿ ಸಡಿಲ ಆಗಿದ್ದು ಗೊತ್ತೇ ಆಗಲಿಲ್ಲ. ನೋಡಿ, ಫ್ರೇಮಿನ ಎಡಗಡೆ. ಬಂದ. ಮೂಸಿದ. ಇನ್ನೊಂದ್ಸಲ ಮೂಸಿದ. ‘ಗುಂಡಾ, ಬೇಡ, ಬೇಡ ಕಣೋ’ ಅಂತಿರೋದು ನಾನೇ. ಎತ್ತಿದ ಕಾಲು. ಸರಿಯಾಗಿ ಅದೇ ಜಾಗಕ್ಕೆ! ಬಾಗಿಲಲ್ಲಿ ಕಾಣ್ತಿರೋ ಚಪ್ಪಲಿ ಓನರ್‌ದು.

ನಾಲ್ಕು ವರ್ಷದಲ್ಲಿ ಮನೆಯೊಳಗೆ ಒಂದು ದಿನವೂ ಮಾಡಿದೋನಲ್ಲ. ಹಿಂದಿನ ಮನೆ ಓನರ್ ಬರೆದುಕೊಟ್ಟ ಪತ್ರದಲ್ಲಿ ‘ನಾಯಿಯಿಂದ ಯಾವ ತೊಂದರೆಯೂ ಆಗಿಲ್ಲ’ ಅಂತಿದೆ. ಲಸಿಕೆ ಕಾರ್ಡಿನ ಜೊತೆ ಆ ಪತ್ರ ನನ್ನ ಬ್ಯಾಗಲ್ಲೇ ಇತ್ತು. ಆ ಹೊತ್ತಲ್ಲಿ ಹೊರಗೆ ತೆಗೆಯೋಕೆ ಧೈರ್ಯ ಬೇಕಲ್ಲ!

ಓನರ್‌ಗೆ ಈ ವಿಡಿಯೋನೇ ಹಿಂದಕ್ಕೆ ಓಡಿಸಿ ತೋರಿಸಿದೆ. ಮೊದಲು ಹೊಳೆಯೋ ಗೋಡೆ, ಆಮೇಲೆ ಗುಂಡ. ಅವರು ಎರಡು ಸಲ ನೋಡಿ, ‘ಹಳೇ ಬಾಡಿಗೆಯವರು ಬೆಕ್ಕು ಇಲ್ಲ ಅಂದಿದ್ರಲ್ರೀ’ ಅಂದ್ರು. ಓನರ್‌ಗಳೆಲ್ಲ ಒಂದೇ ಅಂತ ಬೆಳಿಗ್ಗೆ ಹೇಳಿದ್ದೆ, ಅದನ್ನ ಎಡಿಟಿಂಗಲ್ಲಿ ತೆಗೀತೀನಿ. ನಾಯಿಯ ಷರತ್ತೆಲ್ಲ ಕರಾರಲ್ಲೇ ಬರೆಯೋಣ, ಗೋಡೆ ಖರ್ಚು ಅವರದು, ಈಗ ಆಗಿದ್ದನ್ನ ಒರೆಸೋದು ಮಾತ್ರ ನಾನು ಅಂತ ಇಬ್ಬರಿಗೂ ಮಾತಾಯ್ತು. ಬಟ್ಟೆ ತರೋಕೆ ಹೋಗಿದಾರೆ. ಗುಂಡಾ, ಮತ್ತೆ ಆ ಕಡೆ ಹೋಗ್ಬೇಡ... ಕ್ಯಾಮೆರಾ ಕೆಳಗಿಡ್ತೀನಿ, ಇರಿ.