ಕನ್ನಡಿ ಬೇಡ, ಪುಸ್ತಕ ತನ್ನಿ

ವೇದಿಕೆಯ ಮೇಲಿರುವ ಹಿರಿಯರೇ, ಜಿಮ್ ಸೇರಿ ಇನ್ನೂ ಎರಡು ತಿಂಗಳು ತುಂಬದ ಗೆಳೆಯ ಗೆಳತಿಯರೇ,

ಜನವರಿ ಮೊದಲ ವಾರ ನಮ್ಮ ಜಿಮ್ ಬಾಗಿಲಲ್ಲಿ ಚಪ್ಪಲಿ ಬಿಡಲು ಜಾಗವಿರಲಿಲ್ಲ. ಇವತ್ತು ಬೆಳಿಗ್ಗೆ ಬಂದವರು ಹನ್ನೊಂದು ಮಂದಿ. ಪ್ರತಿ ಫೆಬ್ರವರಿಯಲ್ಲೂ ಇದೇ ಕಥೆ, ಪ್ರತಿ ಸಲವೂ ನನಗೆ ಅಷ್ಟೇ ಸಂಕಟ. ಬಿಟ್ಟುಹೋದವರು ಸೋಮಾರಿಗಳು ಅಂತ ನಾನು ಒಪ್ಪುವುದಿಲ್ಲ. ಬೆಳಿಗ್ಗೆ ಐದೂವರೆಗೆ ಚಳಿಯಲ್ಲಿ ಎದ್ದು ಬಂದವರು ಸೋಮಾರಿಗಳು ಹೇಗಾಗುತ್ತಾರೆ? ಅವರನ್ನು ಕೆಡಿಸಿದ್ದು ಗೋಡೆ ತುಂಬ ಹಾಕಿರುವ ಆ ಕನ್ನಡಿ. ದಿನಾ ನೋಡುತ್ತಾರೆ, ನಿನ್ನೆಯ ತೋಳೇ ಇವತ್ತೂ ಕಾಣುತ್ತದೆ. ಆರು ವಾರ ಹೀಗೇ ನೋಡಿದ ಮೇಲೆ ಯಾರಿಗಾದರೂ ಬೇಸರ ಬಾರದೆ ಇರುತ್ತದೆಯೇ?

ಆದರೆ ಆ ಆರು ವಾರದಲ್ಲಿ ಮೈಯೊಳಗೆ ದೊಡ್ಡ ಕೆಲಸ ನಡೆದಿರುತ್ತದೆ. ಶುರುವಿನಲ್ಲಿ ಹೆಚ್ಚುವ ಬಲದ ದೊಡ್ಡ ಪಾಲು ನರಗಳು ಕಲಿತದ್ದರಿಂದ ಬರುತ್ತದೆ. ಇರುವ ಸ್ನಾಯುವನ್ನೇ ಮೆದುಳು ಇನ್ನಷ್ಟು ಚೆನ್ನಾಗಿ ದುಡಿಸಲು ಕಲಿಯುತ್ತದೆ. ಸೈಕಲ್ ಕಲಿತದ್ದು ನೆನಪಿದೆಯಲ್ಲ, ಕಾಲು ದಪ್ಪವಾದ ಮೇಲೆ ಸೈಕಲ್ ಬಂತೇ? ಸ್ನಾಯು ಉಬ್ಬಿ ಕಣ್ಣಿಗೆ ಕಾಣುವಂತಾಗಲು ಸಾಮಾನ್ಯವಾಗಿ ಎರಡು ಮೂರು ತಿಂಗಳೇ ಬೇಕು. ಅಲ್ಲಿಯವರೆಗೆ ಕನ್ನಡಿಗೆ ಹೇಳಲು ಏನೂ ಇರುವುದಿಲ್ಲ. ಪುಸ್ತಕಕ್ಕೆ ಇರುತ್ತದೆ. ಅದಕ್ಕೇ ನನ್ನದು ಒಂದೇ ವರಾತ: ಪುಸ್ತಕ ತನ್ನಿ. ಇಂಥ ದಿನ, ಇಷ್ಟು ಕಿಲೋ, ಇಷ್ಟು ಸಲ, ಬರೆಯಿರಿ.

ಒಬ್ಬ ಅಕ್ಕನ ವಿಷಯ ಹೇಳುತ್ತೇನೆ. ನಮ್ಮ ಬೀದಿಯಲ್ಲೇ ಹೊಲಿಗೆ ಅಂಗಡಿ. ವಯಸ್ಸು ನಲವತ್ತಾರು, ದಿನವಿಡೀ ಮಷೀನ್ ಮುಂದೆ ಬಾಗಿ ಬಾಗಿ ಸೊಂಟ ನೋವು. ಡಾಕ್ಟರು ಪರೀಕ್ಷೆ ಮಾಡಿ, ‘ಭಾರ ಎತ್ತಿ, ಆದರೆ ಮೆಲ್ಲಗೆ ಶುರು ಮಾಡಿ’ ಅಂದಿದ್ದರು. ಖಾಲಿ ರಾಡೇ 20 ಕಿಲೋ ಇರುತ್ತದೆ, ಅದು ಅವರಿಗೆ ಆಗಲಿಲ್ಲ. 5 ಕಿಲೋ ಡಂಬೆಲ್ ಕೊಟ್ಟೆ. ಮುಖ ಸಣ್ಣದಾಯಿತು. ಪಕ್ಕದಲ್ಲಿ ಕಾಲೇಜು ಹುಡುಗ 80 ಕಿಲೋ ಎತ್ತುತ್ತಿದ್ದ. ‘ನಾಳೆ ಬರಲ್ಲ ಸರ್’ ಅಂದರು. ನಾನು ಹೇಳಿದೆ: ಅಕ್ಕ, ಬರೆದು ಹೋಗಿ, ಆಮೇಲೆ ಬೇಕಾದರೆ ಬಿಡಿ. ಪುಸ್ತಕ ಇಲ್ಲ ಅಂದರು. ಚೀಲದಲ್ಲಿ ರವಿಕೆ ಅಳತೆ ಬರೆಯುವ ಪುಸ್ತಕವಿತ್ತು. ಅದರ ಕೊನೇ ಪುಟ ತಿರುಗಿಸಿ ‘5 ಕಿಲೋ, 8 ಸಲ’ ಅಂತ ಬರೆದರು.

ಎರಡು ದಿನ ಬಿಟ್ಟು ಬಂದರು. ಯಾಕೆ ಬಂದಿರಿ ಅಂತ ನಾನು ಕೇಳಲಿಲ್ಲ. ಅವರೇ ಪುಸ್ತಕ ತೆಗೆದು, ‘ಹೋದ ಸಲ ಎಂಟಾಗಿತ್ತು, ಇವತ್ತು ಹತ್ತು ಮಾಡ್ತೀನಿ’ ಅಂದರು. ಪಕ್ಕದ ಹುಡುಗ ಆಗಲೂ 80 ಎತ್ತುತ್ತಲೇ ಇದ್ದ. ಅವನತ್ತ ಅವರ ಕಣ್ಣೇ ಹೋಗಲಿಲ್ಲ.

ಎರಡನೇ ತಿಂಗಳು ಖಾಲಿ ರಾಡಿನಲ್ಲಿ ಡೆಡ್‌ಲಿಫ್ಟ್, ಅಂದರೆ ಬಾಗಿ ರಾಡು ಹಿಡಿದು ನೆಟ್ಟಗೆ ಎದ್ದು ನಿಲ್ಲುವುದು. ಆಮೇಲೆ ಎರಡು ಕಡೆಗೂ ಒಂದೂಕಾಲು ಕಿಲೋ ಪ್ಲೇಟು, 22.5 ಆಯಿತು. ಆಮೇಲೆ 25. ಪುಟದ ಮೇಲೆ ಬೆವರು ಬಿದ್ದು ಅಕ್ಷರ ಹರಡಿದೆ, ಒಂದೆರಡು ಕಡೆ ಪೆನ್ನು ಸಿಗದೆ ಹೊಲಿಗೆಯ ನೀಲಿ ಚಾಕ್‌ನಲ್ಲಿ ಬರೆದಿದ್ದಾರೆ. ನಾಲ್ಕನೇ ತಿಂಗಳು ಒಂದು ಬೆಳಿಗ್ಗೆ ಬಂದವರೇ, ‘ಸರ್, ಇವತ್ತು ಗ್ಯಾಸ್ ಸಿಲಿಂಡರ್ ನಾನೇ ಎತ್ತಿ ಒಳಗಿಟ್ಟೆ, ಮಗ ಬರೋವರೆಗೂ ಕಾಯಲಿಲ್ಲ’ ಅಂದರು. ತುಂಬಿದ ಸಿಲಿಂಡರಿನಲ್ಲಿ ಅನಿಲವೇ 14.2 ಕಿಲೋ, ಕಬ್ಬಿಣ ಸೇರಿದರೆ 30ರ ಹತ್ತಿರ. ಅದನ್ನೂ ಪುಸ್ತಕದಲ್ಲಿ ಬರೆದರು: ‘ಸಿಲಿಂಡರ್, 1 ಸಲ.’ (ನಗು) ನಗಬೇಡಿ, ನನಗೆ ಅವತ್ತು ಕಣ್ಣು ತುಂಬಿ ಬಂದಿತ್ತು.

ಆ ಒಂದೂಕಾಲು ಕಿಲೋ ಪ್ಲೇಟಿನ ಬಗ್ಗೆ ಒಂದು ಮಾತು. ನಮ್ಮ ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುತ್ತಾರೆ. ಮೈ ಜುಮ್ಮೆನ್ನುವ ಆಟ ಅದು. ಆದರೆ ಹೊಸಬನಿಗೆ ಕಲ್ಲು ಬಹಳ ನಿಷ್ಠುರ. ಎದ್ದರೆ ಎದ್ದಿತು, ಇಲ್ಲವೆಂದರೆ ಇಲ್ಲ. ರಾಡು ಹಾಗಲ್ಲ, ನಮ್ಮ ಅಳತೆಗೆ ತಕ್ಕಂತೆ ಚೂರು ಚೂರೇ ಏರಿಸಿಕೊಳ್ಳಬಹುದು. ಜಿಮ್‌ನಲ್ಲಿ ಆ ಸಣ್ಣ ಪ್ಲೇಟು ಮುಟ್ಟಲು ಹುಡುಗರಿಗೆ ನಾಚಿಕೆ. ನನಗೆ ಮಾತ್ರ ಇಡೀ ಜಿಮ್‌ನಲ್ಲಿ ಅದರ ಮೇಲೇ ಹೆಚ್ಚು ಪ್ರೀತಿ.

ಇನ್ನೊಂದು, ಒಂದು ದಿನ ತಪ್ಪಿತು ಅಂತ ಇಡೀ ತಿಂಗಳು ಬಿಡುವವರಿದ್ದಾರೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಜನರನ್ನು 12 ವಾರ ಗಮನಿಸಿದರು, ಹೊಸ ಅಭ್ಯಾಸ ಮೈಗೆ ಹತ್ತಲು ಎಷ್ಟು ದಿನ ಬೇಕು ಅಂತ. ಸರಾಸರಿ 66 ದಿನ ಬಂತು. ಕೆಲವರಿಗೆ 18 ಸಾಕು, ಕೆಲವರಿಗೆ 254 ಬೇಕಾದೀತು ಅನ್ನುವ ಲೆಕ್ಕ. ನಡುವೆ ಒಂದು ದಿನ ತಪ್ಪಿದರೆ ಹೆಚ್ಚೇನೂ ಕೆಡುವುದಿಲ್ಲ ಅನ್ನುವುದೂ ಅದರಲ್ಲೇ ತಿಳಿಯಿತು. ಮದುವೆ, ಜ್ವರ, ಪರೀಕ್ಷೆ ಬಂದೇ ಬರುತ್ತವೆ. ಪುಟ ಖಾಲಿ ಬಿಡಿ, ಮುಂದಿನ ಪುಟಕ್ಕೆ ಹೋಗಿ.

ಭಾರ ಎತ್ತುವ ಮೀರಾಬಾಯಿ ಚಾನು 2016ರಲ್ಲಿ ರಿಯೊ ಒಲಿಂಪಿಕ್ಸ್‌ಗೆ ಹೋದಾಗ ಆರು ಪ್ರಯತ್ನದಲ್ಲಿ ದಕ್ಕಿದ್ದು ಒಂದೇ. ಭಾರವನ್ನು ಮೊದಲು ಭುಜಕ್ಕೆ, ಆಮೇಲೆ ತಲೆಯ ಮೇಲಕ್ಕೆ ಎತ್ತುವ ಕ್ಲೀನ್ ಅಂಡ್ ಜರ್ಕ್‌ನ ಮೂರೂ ಹೋದವು. ಮರುವರ್ಷ ವಿಶ್ವ ಚಾಂಪಿಯನ್. 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಒಂದೇ ಸಲಕ್ಕೆ ತಲೆಯ ಮೇಲೆತ್ತುವ ಸ್ನ್ಯಾಚ್‌ನಲ್ಲಿ 87, ಕ್ಲೀನ್ ಅಂಡ್ ಜರ್ಕ್‌ನಲ್ಲಿ 115, ಒಟ್ಟು 202 ಕಿಲೋ, ಬೆಳ್ಳಿ. ನಮ್ಮ ಕುಂದಾಪುರ ಕಡೆಯ ಗುರುರಾಜ ಪೂಜಾರಿ ಲಾರಿ ಚಾಲಕರ ಮಗ. ಕುಸ್ತಿಯಿಂದ ಶುರು ಮಾಡಿ, ಉಜಿರೆಯ ಕಾಲೇಜಿನಲ್ಲಿ ಭಾರ ಎತ್ತಲು ಕಲಿತು, 2018ರ ಕಾಮನ್‌ವೆಲ್ತ್ ಕೂಟದಲ್ಲಿ 249 ಕಿಲೋ ಎತ್ತಿ ಬೆಳ್ಳಿ ತಂದರು. ಅವರ ಕಥೆ ವಿಸ್ತಾರವಾಗಿ ಹೇಳಬೇಕೆಂದು ಬಂದಿದ್ದೆ... ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ.

ಬೇಗ ಬೇಗ ಹೇಳಿಬಿಡುತ್ತೇನೆ. ವಾರಕ್ಕೆ ಮೂರು ದಿನ ಸಾಕು, ನಡುವೆ ಒಂದೊಂದು ದಿನ ವಿಶ್ರಾಂತಿ. ಮೊದಲ ದಿನ ಹುರುಪಿನಲ್ಲಿ ನೂರು ಬಸ್ಕಿ ಹೊಡೆಯಬೇಡಿ, ನಾಡಿದ್ದು ಮೆಟ್ಟಿಲು ಇಳಿಯಲು ಆಗುವುದಿಲ್ಲ. ಆ ಮೈಕೈ ನೋವು ಎರಡು ಮೂರು ದಿನದಲ್ಲಿ ಇಳಿಯುತ್ತದೆ, ಹೆದರಬೇಡಿ. ಕೀಲಿನಲ್ಲಿ ಚುಚ್ಚಿದ ಹಾಗೆ ನೋವಾದರೆ ಮಾತ್ರ ಅಲ್ಲೇ ನಿಲ್ಲಿಸಿ. ಊಟಕ್ಕೆ ಮೊಟ್ಟೆ, ಮೊಳಕೆ ಕಾಳು, ಮೊಸರು, ಹುರಿಗಡಲೆ. ದುಬಾರಿ ಪ್ರೋಟೀನ್ ಪುಡಿಯ ಡಬ್ಬಿ ಹೊಸಬರಿಗೆ ಬೇಕಿಲ್ಲ. ನಿದ್ದೆಯ ಮಾತು ಉಳಿಯಿತು, ಇನ್ನೊಮ್ಮೆ ಕರೆದರೆ ಹೇಳುತ್ತೇನೆ.

ಆ ಅಕ್ಕ ಇಲ್ಲೇ ಮೂರನೇ ಸಾಲಿನಲ್ಲಿ ಕೂತಿದ್ದಾರೆ. ಎದ್ದು ನಿಲ್ಲಿ ಅಂದರೆ ಸಂಕೋಚ ಪಡುತ್ತಾರೆ, ಬೇಡ. ಪುಸ್ತಕ ಚೀಲದಲ್ಲೇ ಇದೆಯಂತೆ. ಚಹಾದ ಹೊತ್ತಿಗೆ ಕೇಳಿ, ತೋರಿಸುತ್ತಾರೆ. ಹಿಂದಿನಿಂದ ತೆರೆಯಿರಿ, ಮುಂದಿನ ಪುಟಗಳಲ್ಲಿರುವುದು ಬೇರೆಯವರ ಅಳತೆ.